ಪದಚರ್ಚೆ: ಮಿಕ್ಸಿಂಗಿನ ‘ಈಕ್ವಲೈಸರ್’ಗೆ ‘ಸಮಕಾರಿ’ ಎನ್ನಬಹುದೇ?

ಕೊಪ್ಪಳದಿಂದ:

ಮಾನ್ಯರೇ, ತತ್ತ್ವಪದಗಳನ್ನು ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಮಿಕ್ಸ್ ಮಾಡುವುದನ್ನು ಕಲಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಧ್ವನಿಯ ಬೇರೆಬೇರೆ ಫ್ರೀಕ್ವೆನ್ಸಿಗಳನ್ನು ಬೇಕಾದಂತೆ ಏರಿಸುವ, ಇಳಿಸುವ ಸಾಫ್ಟ್‌ವೇರ್ ಈಕ್ವಲೈಸರ್‌ಗೆ ‘ಸಮಕಾರಿ’, ಎಷ್ಟು ಏರಿಸಬೇಕು, ಇಳಿಸಬೇಕು ಎಂಬುದನ್ನು ಹೇಳುವ, ಅದರ ಪರದೆಯ ಮೇಲಿನ ಗೇನ್‌ಗೆ ‘ವರ್ಧನೆ’, ಕ್ಯೂಗೆ ‘ಅಗಲ’, ಕೆಳಗಿನ ಫ್ರೀಕ್ವೆನ್ಸಿಗಳನ್ನು ತೆಗೆದು ಮೇಲಿನವನ್ನು ಉಳಿಸುವ ಹೈ ಪಾಸ್ ಫಿಲ್ಟರ್‌ಗೆ ‘ಉಚ್ಚ ಶೋಧಕ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಫ್ರೀಕ್ವೆನ್ಸಿಗೆ ಶಾಲಾ ಪುಸ್ತಕದ ‘ಆವೃತ್ತಿ’ಯೇ ಇರಲಿ. ಉಳಿದವುಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಗ ಬೇಕಾಗಿದೆ.

ರಾಯಚೂರಿನಿಂದ:

‘ಸಮಕಾರಿ’ ಕನ್ನಡವಲ್ಲ. ಎರೆಹೊಲಕ್ಕೂ ರೊಟ್ಟಿಯ ಹಿಟ್ಟಿಗೂ ನಾವು ಬಳಸುವ ‘ಹದ’ ಎಂಬ ಪದ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ಪಾಲು ಹಾಲಾದಂತೆ ಹಳಗನ್ನಡದ ‘ಪದ’ವೇ ಹದವಾಗಿದೆ, ತಮಿಳಿನಲ್ಲಿ ಅದು ಇಂದಿಗೂ ‘ಪದಂ’. ಆದ್ದರಿಂದ ‘ದನಿಹದ’ ಎಂದು ಬರೆಯಿರಿ. ಹೆಸರನ್ನು ಎರವಲು ತಂದವರು ಕ್ರಿಯಾಪದವನ್ನೂ ತಂದೇ ತರುತ್ತಾರೆ. ‘ಬೂಸ್ಟ್ ಮಾಡು’, ‘ಕಟ್ ಮಾಡು’ ಎಂಬವು ಈಗಾಗಲೇ ಸ್ಟುಡಿಯೋಗಳನ್ನು ತುಂಬಿವೆ.

ಬಳ್ಳಾರಿಯಿಂದ:

‘ದನಿ’ಯೇ ‘ಧ್ವನಿ’ಯ ತದ್ಭವ, ಆದ್ದರಿಂದ ಶುದ್ಧಿಯ ಮಾತನ್ನು ಬಿಡೋಣ. ‘ಸಮಕಾರಿ’ಯ ದೋಷವಿರುವುದು ಅದರ ಮೂಲದಲ್ಲಲ್ಲ, ಅರ್ಥದಲ್ಲಿ. ದೂರವಾಣಿಯ ತಂತಿಯಲ್ಲಿ ಮಾತು ದೂರ ಸಾಗಿದಷ್ಟೂ ಮೇಲಿನ ಆವೃತ್ತಿಗಳು ಹೆಚ್ಚು ಕುಗ್ಗುತ್ತಿದ್ದುದರಿಂದ, ಆ ನಷ್ಟವನ್ನು ತುಂಬಿ ಎಲ್ಲವನ್ನೂ ಮತ್ತೆ ಸಮಕ್ಕೆ ತರುತ್ತಿದ್ದ ಸರ್ಕ್ಯೂಟಿಗೆ ‘ಈಕ್ವಲೈಸರ್’, ಅಂದರೆ ಸಮ ಮಾಡುವುದು, ಎಂಬ ಇಂಗ್ಲಿಷ್ ಹೆಸರು ಒಪ್ಪುತ್ತಿತ್ತು. ಮಿಕ್ಸಿಂಗಿನಲ್ಲಿ ನಡೆಯುವುದು ಬಹುಪಾಲು ತಿರುಗುಮುರುಗು. ಹಾರ್ಮೋನಿಯಂ ಹಾಡುಗಾರರ ಕಂಠವನ್ನು ಮುಚ್ಚಿದಾಗ, ಕಂಠವನ್ನು ಮುಟ್ಟದೆ, ಹಾರ್ಮೋನಿಯಂನಲ್ಲಿ 300 ಹರ್ಟ್ಸ್ ಆಸುಪಾಸನ್ನು ಎರಡು ಮೂರು ಡೆಸಿಬೆಲ್ ಇಳಿಸಿ ಬೇಕೆಂದೇ ಅಸಮ ಮಾಡುತ್ತೇವೆ. ಪರದೆಯ ಗೆರೆ ಸಮವಾಗಿದೆಯೆಂದರೆ ಈಕ್ವಲೈಸರ್ ಏನನ್ನೂ ಮಾಡುತ್ತಿಲ್ಲವೆಂದೇ ಅರ್ಥ.

‘ಅಗಲ’ವಂತೂ ವಿದ್ಯಾರ್ಥಿಯ ದಾರಿ ತಪ್ಪಿಸುತ್ತದೆ. ಈಕ್ವಲೈಸರ್ ಏರಿಸುವ ಅಥವಾ ಇಳಿಸುವ ಆವೃತ್ತಿಗಳ ಪಟ್ಟೆಯ ನಡುವಿನ ಆವೃತ್ತಿಯನ್ನು ಪಟ್ಟೆಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕ್ಯೂ: 1,000 ಹರ್ಟ್ಸ್‌ನಲ್ಲಿ ಕ್ಯೂ 2 ಇದ್ದರೆ ಪಟ್ಟೆ 500 ಹರ್ಟ್ಸ್, 10 ಇದ್ದರೆ ಕೇವಲ 100. ‘ಅಗಲ’ ಎಂದು ಬರೆದ ಗುಂಡಿಯನ್ನು ಏರಿಸಿದರೆ ಪಟ್ಟೆ ಕಿರಿದಾಗುತ್ತದೆ! ಕ್ಯೂ ಎಂದೇ ಇಡಿ, ವಿವರಣೆಯಲ್ಲಿ ‘ಮೊನಚು’ ಎನ್ನಿ. ‘ಉಚ್ಚ ಶೋಧಕ’ವೂ ಹಾಗೆಯೇ, ಅದು ಮೇಲಿನ ಆವೃತ್ತಿಗಳನ್ನು ಸೋಸಿ ತೆಗೆಯುತ್ತದೆಯೋ ಉಳಿಸುತ್ತದೆಯೋ ತಿಳಿಯುವುದಿಲ್ಲ. ಅದೇ ಫಿಲ್ಟರಿಗೆ ಲೋ ಕಟ್ ಎಂಬ ಹೆಸರೂ ಇರುವುದರಿಂದ ‘ತಗ್ಗುಕಡಿತ’ ಎಂದರೆ, ಮೈಕ್ ಸ್ಟ್ಯಾಂಡಿಗೆ ಕಾಲು ತಗುಲಿದ ಗುಡುಗುಡು ಸದ್ದನ್ನು ಕಳೆಯಲು ಯಾವ ಗುಂಡಿಯನ್ನು ಒತ್ತಬೇಕೆಂಬುದು ಓದಿದೊಡನೆ ಹೊಳೆಯುತ್ತದೆ.

ರಾಯಚೂರಿನಿಂದ:

ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ತದ್ಭವಗಳಿಗೆ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ, ತದ್ಭವ ಕನ್ನಡವೇ. ಹದದಲ್ಲಿ ಸಮವೂ ಇಲ್ಲ, ಅಸಮವೂ ಇಲ್ಲ. ಬಳ್ಳಾರಿಯವರ ಆಕ್ಷೇಪ ನನ್ನ ಪದವನ್ನೇ ಎತ್ತಿಹಿಡಿಯುತ್ತದೆ.

ಬಳ್ಳಾರಿಯಿಂದ:

ಇಲ್ಲ. ಜೋರು ಸದ್ದಿಗೂ ಮೆಲು ಸದ್ದಿಗೂ ಇರುವ ಅಂತರವನ್ನು ಕುಗ್ಗಿಸುವ ಕಂಪ್ರೆಸರ್ ಮಾಡುವುದೂ ದನಿಯ ಹದವನ್ನೇ, ದನಿಗೆ ಅನುರಣನವನ್ನು ಸೇರಿಸುವ ರಿವರ್ಬ್ ಮಾಡುವುದೂ ಅದನ್ನೇ. ಮೂರಕ್ಕೂ ಒಂದೇ ಹೆಸರಿಟ್ಟರೆ ಕೈಪಿಡಿ ನಡೆಯುವುದಿಲ್ಲ. ಉಪಕರಣಕ್ಕೆ ‘ಈಕ್ವಲೈಸರ್’ ಇರಲಿ, ಅದರಿಂದ ಮಾಡುವ ಕೆಲಸಕ್ಕೆ ಏರಿಸು, ಇಳಿಸು, ಸೋಸು ಎಂಬ ಕನ್ನಡದ ಕ್ರಿಯಾಪದಗಳು ಸಾಕು. ಆಗ ‘ಬೂಸ್ಟ್ ಮಾಡು’ ಎಂಬುದರ ಕಾಟವೂ ತಪ್ಪುತ್ತದೆ.

ಕೊಪ್ಪಳದಿಂದ:

ಇಬ್ಬರಿಗೂ ವಂದನೆಗಳು. ‘ಈಕ್ವಲೈಸರ್’, ‘ಕ್ಯೂ’, ‘ತಗ್ಗುಕಡಿತ’ ಇವನ್ನು ಸ್ವೀಕರಿಸಿದ್ದೇನೆ. ‘ಹದ’ವನ್ನು ಮಿಕ್ಸಿಂಗ್ ಅಧ್ಯಾಯದ ಶೀರ್ಷಿಕೆಗೆ ಬಳಸಿಕೊಳ್ಳುತ್ತೇನೆ. ಗೇನ್ ಒಂದು ಉಳಿಯಿತು. ‘ಮೈನಸ್ 3 ಡೆಸಿಬೆಲ್ ವರ್ಧನೆ’ ಎಂಬುದು ಓದಲು ವಿಚಿತ್ರವಾಗಿರುವುದರಿಂದ ‘ಏರಿಳಿತ’ ಎಂದು ಬರೆಯಲೇ? ತಕರಾರಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.