8ನೇ ತರಗತಿಗೆ ಸ್ಪ್ಯಾನಿಷ್: ಟೀಚರ್ ಆಯ್ಕೆ ಮಾಡುವಾಗ ಏನು ನೋಡಬೇಕು?

ಗಾಜನೂರು ಕಡೆಯವ:
ಶಿವಮೊಗ್ಗದ ನಮ್ಮ ಪ್ರೌಢಶಾಲೆಯಲ್ಲಿ ಜೂನ್‌ನಿಂದ 8ನೇ ತರಗತಿಗೆ ಸ್ಪ್ಯಾನಿಷ್ ಶುರು. ವಾರಕ್ಕೆ 40 ನಿಮಿಷದ 3 ಪಿರಿಯಡ್. ಮಕ್ಕಳು ಹೆಚ್ಚಿನವರು 7ರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು. ಅರ್ಜಿ ಹಾಕಿದವರಲ್ಲಿ ಒಬ್ಬರದ್ದು ಸ್ಪ್ಯಾನಿಷ್ ಎಂ.ಎ., ಇನ್ನೊಬ್ಬರದ್ದು ಡೆಲೆ (ಸ್ಪ್ಯಾನಿಷ್ ಭಾಷಾ ಪ್ರಮಾಣಪತ್ರ) ಬಿ2 ಹಂತ. ಆಯ್ಕೆ ಸಮಿತಿಯಲ್ಲಿ ಯಾರಿಗೂ ಈ ಭಾಷೆ ಬರಲ್ಲ. ಡೆಮೊ ಪಾಠದಲ್ಲಿ ಏನನ್ನು ಗಮನಿಸೋದು?

ಸಾಗರದ ಮೇಷ್ಟ್ರು:
ಎರಡೂ ಒಳ್ಳೆಯ ಅರ್ಹತೆಯೇ, ಆದರೆ ಅಳೆಯೋದು ಬೇರೆ ಬೇರೆ. ಡೆಲೆಯನ್ನು ಸ್ಪೇನ್ ಸರ್ಕಾರದ ಪರವಾಗಿ ಇನ್ಸ್ತಿತೂತೊ ಸೆರ್ವಾಂತೆಸ್ ಅನ್ನೋ ಭಾಷಾ ಸಂಸ್ಥೆ ಕೊಡುತ್ತೆ. ಎ1ರಿಂದ ಸಿ2 ತನಕ ಆರು ಹಂತ. ಭಾಷೆ ಎಷ್ಟು ಬರುತ್ತೆ ಅಂತ ಅದರಿಂದ ತಿಳಿಯುತ್ತೆ, ಕಲಿಸೋಕೆ ಬರುತ್ತಾ ಅಂತ ತಿಳಿಯಲ್ಲ. ವಾರಕ್ಕೆ ಎರಡು ಗಂಟೆ ಪಾಠದಲ್ಲಿ 10ನೇ ತರಗತಿ ಮುಗಿಯೋ ಹೊತ್ತಿಗೆ ಮಕ್ಕಳು ಎ1 ಗಟ್ಟಿ ಮಾಡಿಕೊಂಡು ಎ2 ಕಡೆ ಹೊರಟಿದ್ದರೆ ಸಾಕು. ಅದಕ್ಕೆ ಬಿ2 ಧಾರಾಳ. ಬಿ1 ಮಾತ್ರ ಇದ್ದವರಿಗೆ ಮಕ್ಕಳು ಪಾಠದಾಚೆಯ ಪ್ರಶ್ನೆ ಕೇಳಿದಾಗ ನಾಲಿಗೆ ತಡವರಿಸುತ್ತೆ. ಡೆಲೆಗೆ ಅವಧಿ ಮುಗಿಯೋದಿಲ್ಲ, ಹಾಗಾಗಿ ತೀರಾ ಹಳೆಯದಾದರೆ ಈಗಲೂ ಸಲೀಸಾಗಿ ಮಾತಾಡ್ತಾರಾ ನೋಡಿ.

ಜೆಎನ್‌ಯು ಅಥವಾ ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಎಂ.ಎ. ಆದರೆ ಸಾಹಿತ್ಯದ ಓದೂ ಇರುತ್ತೆ. ಆದರೆ 13 ವರ್ಷದ ಮಕ್ಕಳಿಗೆ ಪಾಠ ಮಾಡಿದ್ದಾರಾ ಅಂತ ಕೇಳಲೇಬೇಕು.

ಕೊಪ್ಪದ ಭಾಷಾಪ್ರೇಮಿ:
ಭಾಷೆ ಬರದಿದ್ದರೂ ನಿಮ್ಮ ಕನ್ನಡದ ಕಿವಿಯೇ ಅರ್ಧ ಪರೀಕ್ಷೆ ಮಾಡಿಬಿಡುತ್ತೆ. ಸ್ಪ್ಯಾನಿಷಿನಲ್ಲಿ ಟ, ಡ ಇಲ್ಲ. ನಮ್ಮ ತ, ದ ಹಾಗೆ ನಾಲಿಗೆ ಹಲ್ಲಿಗೆ ತಾಗಬೇಕು. ಎರಡು ಅನ್ನೋದನ್ನ 'ಡೋಸ್' ಅಂದರೆ ಇಂಗ್ಲಿಷ್ ಉಚ್ಚಾರಣೆ ಕೂತುಬಿಟ್ಟಿದೆ ಅಂತ ಅರ್ಥ, 'ದೋಸ್' ಆಗಬೇಕು. 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಎರಡನ್ನೂ ಬೇರೆ ಬೇರೆಯಾಗಿ ನುಡಿಸಿ ಕೇಳಿ.

ಇನ್ನರ್ಧ, ಕನ್ನಡವನ್ನು ಬಳಸಿಕೊಳ್ಳೋ ಜಾಣ್ಮೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಹೇಳಿಕೊಡೋದು ದಂಡ. 'ನನಗೆ ಕಾಫಿ ಇಷ್ಟ' ಅನ್ನೋದು 'ಮೆ ಗುಸ್ತಾ ಎಲ್ ಕಫೆ' ಜೊತೆ ನೇರ ಕೂರುತ್ತೆ, ಎರಡರಲ್ಲೂ 'ನನಗೆ' ಇದೆ. ಮಕ್ಕಳು ಎಡವೋದು ಮುಂದಿನ ಹೆಜ್ಜೆಯಲ್ಲಿ: ಇಷ್ಟವಾದ ವಸ್ತು ಬಹುವಚನದಲ್ಲಿ ಬಂದರೆ 'ಗುಸ್ತಾನ್' ಆಗಬೇಕು, ಕನ್ನಡದ 'ಇಷ್ಟ' ಬದಲಾಗಲ್ಲವಲ್ಲ. ಹಾಗೇ 'ಅವನು ಮೇಷ್ಟ್ರು' ಅನ್ನೋಕೆ ನಮಗೆ ಕ್ರಿಯಾಪದ ಬೇಡ, ಅಲ್ಲಿ 'ಎಸ್' ಬೇಕು, ಮಕ್ಕಳು ಅದನ್ನೇ ನುಂಗಿಬಿಡ್ತಾರೆ. 'ಮನೇಲಿದ್ದಾನೆ' ಅನ್ನೋ ಕಡೆ 'ಎಸ್ತಾ' ಬರುತ್ತೆ. ನೀನು, ನೀವು ಭೇದ ಮಕ್ಕಳಿಗೆ ಗೊತ್ತೇ ಇದೆ, ಆದರೆ 'ನೀವು' ಅನ್ನೋ 'ಉಸ್ತೆದ್' ಜೊತೆ ಕ್ರಿಯಾಪದ 'ಅವನು' ರೂಪದಲ್ಲಿ ಬರುತ್ತೆ ಅನ್ನೋದನ್ನ ಒತ್ತಿ ಹೇಳಬೇಕು. ವಸ್ತುಗಳಿಗೆ ಲಿಂಗ ಇರೋದು ಹಿಂದಿ ಪಾಠದಿಂದ ಪರಿಚಯ. ಹೊಸ ಪದ ಯಾವುದೇ ಇರಲಿ, 'ಎಲ್' (ಪುಲ್ಲಿಂಗ) ಅಥವಾ 'ಲಾ' (ಸ್ತ್ರೀಲಿಂಗ) ಸೇರಿಸಿಯೇ ಬೋರ್ಡಿಗೆ ಬರೆಯುವವರನ್ನು ಕಣ್ಣುಮುಚ್ಚಿ ನಂಬಿ. ಸಾಮಾನ್ಯವಾಗಿ 'ಒ' ಕೊನೆಯದು ಪುಲ್ಲಿಂಗ, 'ಆ' ಕೊನೆಯದು ಸ್ತ್ರೀಲಿಂಗ, ಆದರೆ 'ಲಾ ಮಾನೊ' (ಕೈ), 'ಎಲ್ ಪ್ರೊಬ್ಲೇಮಾ' (ಸಮಸ್ಯೆ) ಥರದವು ಕೊನೆಯಕ್ಷರ ನೋಡಿ ಊಹಿಸಿದರೆ ಕೈಕೊಡ್ತವೆ.

ಗಾಜನೂರು ಕಡೆಯವ:
ಡೆಮೊಗೆ ಯಾವ ಪಾಠ ಕೊಡೋದು?

ಸಾಗರದ ಮೇಷ್ಟ್ರು:
20 ನಿಮಿಷ ಕೊಡಿ, ವಿಷಯ 'ನನಗೆ ಇಷ್ಟವಾದ ತಿಂಡಿ'. ಸಮಿತಿಯವರ ಎದುರಿಗಲ್ಲ, ನಿಜವಾದ ಮಕ್ಕಳ ಎದುರಿಗೆ. ಹೊಸ ಪದ ಎಂಟು ದಾಟಬಾರದು. ಪದವನ್ನು ಮೊದಲು ಚಿತ್ರ ಅಥವಾ ವಸ್ತು ತೋರಿಸಿ ಕೇಳಿಸಬೇಕು, ಬರವಣಿಗೆ ಆಮೇಲೆ. ಮೊದಲೇ ಬರೆದರೆ ಮಕ್ಕಳು ಇಂಗ್ಲಿಷ್ ಥರ ಓದಿಕೊಂಡು ಮೂಕ 'ಎಚ್' ಅನ್ನೂ ಉಚ್ಚರಿಸ್ತಾರೆ. ಕಡೇ ಐದು ನಿಮಿಷದಲ್ಲಿ ಹಿಂದಿನ ಬೆಂಚಿನ ಮಗು ಒಂದು ಪೂರ್ತಿ ವಾಕ್ಯ ಹೇಳಿತಾ ನೋಡಿ. ಕ್ರಿಯಾಪದದ ಪಟ್ಟಿ ಬೋರ್ಡು ತುಂಬ ಬರೆದು ಕಾಪಿ ಮಾಡಿಸುವವರು ಬೇಡ, ಎಷ್ಟೇ ಡಿಗ್ರಿ ಇರಲಿ.

ಕೊಪ್ಪದ ಭಾಷಾಪ್ರೇಮಿ:
ಜೊತೆಗೆ ಇದನ್ನೂ ಕೇಳಿ: ಕೇಳಿಸುವ ಪಾಠಕ್ಕೆ ಇಂಟರ್ನೆಟ್ಟನ್ನೇ ನಂಬಿದ್ದಾರಾ? ಜುಲೈ ಮಳೆಯಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಆಡಿಯೊ ಫೈಲುಗಳು ಪೆನ್‌ಡ್ರೈವಿನಲ್ಲಿ, ಜೊತೆಗೆ ಚಾರ್ಜ್ ಆಗುವ ಸ್ಪೀಕರ್ ಇರಬೇಕು. ಹೊರಗೆ ಹಂಚಿನ ಮೇಲೆ ಮಳೆ ಸುರಿಯುವಾಗ ಫೋನಿನ ಸದ್ದು ಎರಡನೇ ಬೆಂಚಿಗೂ ತಲುಪಲ್ಲ.