ಫಿನಿಸ್ತೇರ್‌ಗೆ ಬ್ರೆಸ್ತ್ ಯಾಕೆ ಜಿಲ್ಲಾ ಕೇಂದ್ರ ಅಲ್ಲ?

ಪ್ರಶ್ನೆ: ಫ್ರಾನ್ಸಿನ ಪಶ್ಚಿಮ ತುದಿಯ ಫಿನಿಸ್ತೇರ್ ಜಿಲ್ಲೆಯ ನಕ್ಷೆ ನೋಡುತ್ತಿದ್ದೆ. ಮೂರು ಕಡೆ ಸಮುದ್ರ. ದೊಡ್ಡ ಊರು ಬ್ರೆಸ್ತ್, ನೌಕಾಪಡೆಯ ಬಂದರೂ ಅಲ್ಲೇ. ಆದರೆ ಕೇಂದ್ರ ಕೆಂಪೇರ್‌ನಲ್ಲಿದೆ, ಯಾಕೆ? ಅಲ್ಲಿನ ಪ್ರಿಫೆಕ್ಟ್ ನಮ್ಮ ಡಿಸಿ ತರಹಾನಾ?

ಉತ್ತರ 1: 1790ರಲ್ಲಿ ಹಳೆಯ ಪ್ರಾಂತ್ಯಗಳನ್ನು ಒಡೆದು ಡಿಪಾರ್ಟ್‌ಮೆಂಟ್‌ಗಳನ್ನು (ನಮ್ಮ ಜಿಲ್ಲೆಗಳಂಥವು) ಮಾಡಿದರು. ಕೆಂಪೇರ್ ಆಗಲೇ ಬಿಷಪ್ ಪೀಠವಿದ್ದ ಹಳೆಯ ಊರು. ಲಾಂದೆರ್ನೋ ಊರು ಕೂಡ ಪೈಪೋಟಿಯಲ್ಲಿತ್ತು, ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಸ್ವಲ್ಪ ಕಾಲ ಕೇಂದ್ರ ಅಲ್ಲಿಗೇ ಹೋಗಿತ್ತು! ಈಗ ಬ್ರೆಸ್ತ್, ಮೊರ್ಲೆ, ಶಾತೊಲೆಂ ಊರುಗಳಲ್ಲಿ ಉಪಕಚೇರಿಗಳಿವೆ.

ಉತ್ತರ 2: ಪ್ರಿಫೆಕ್ಟ್ ಹೆಚ್ಚುಕಮ್ಮಿ ಡಿಸಿ ತರಹವೇ. ನೇಮಕ ಮಾಡುವುದು ರಾಷ್ಟ್ರಪತಿ. ಅವರಲ್ಲದೆ ಜನ ಆರಿಸಿದ ಕೌನ್ಸಿಲ್ ಬೇರೆ ಇದೆ. 27 ಕ್ಯಾಂಟನ್ (ಚುನಾವಣಾ ಕ್ಷೇತ್ರಗಳು), 2015ರಿಂದ ಪ್ರತಿಯೊಂದಕ್ಕೂ ಒಬ್ಬ ಮಹಿಳೆ, ಒಬ್ಬ ಪುರುಷ ಜೋಡಿಯಾಗಿಯೇ ನಿಲ್ಲಬೇಕು, ಒಟ್ಟು 54 ಸದಸ್ಯರು. ನನಗೆ ತುಂಬಾ ಇಷ್ಟವಾದ ನಿಯಮ ಇದು. ರಸ್ತೆ, ಮಾಧ್ಯಮಿಕ ಶಾಲೆ ಕಟ್ಟಡ, ವೃದ್ಧರ ನೆರವು ಎಲ್ಲ ಈ ಕೌನ್ಸಿಲ್‌ನದೇ ಕೆಲಸ.

ಉತ್ತರ 3: ಸಮುದ್ರದ ವಿಷಯ ಬೇರೆ. ಅಟ್ಲಾಂಟಿಕ್ ಕರಾವಳಿಗೆ ಬ್ರೆಸ್ತ್‌ನಲ್ಲಿ ಪ್ರತ್ಯೇಕ ಕಡಲ ಪ್ರಿಫೆಕ್ಟ್ ಇದ್ದಾರೆ, ಅವರು ನೌಕಾಪಡೆಯ ಅಡ್ಮಿರಲ್. 1978ರಲ್ಲಿ ಪೋರ್ಸಾಲ್ ಹತ್ತಿರ ಅಮೊಕೊ ಕ್ಯಾಡಿಜ್ ಹಡಗು ಒಡೆದು 2 ಲಕ್ಷ ಟನ್‌ಗಿಂತ ಜಾಸ್ತಿ ತೈಲ ಚೆಲ್ಲಿತ್ತು. ಇಂಥ ಕರಾವಳಿಗೆ ಆ ಹುದ್ದೆ ಬೇಕೇ ಬೇಕು, ಅಲ್ವಾ?