ಸಿಇಎಸ್ ಯೂಟ್ಯೂಬಲ್ಲಿ ನೋಡಿದ್ದು ಸಾಕು, ಮಲೆನಾಡಿಂದ ಹೋಗಿ ಕಣ್ಣಾರೆ ನೋಡಕ್ಕೆ ಯಾವ ಟೆಕ್ ಶೋ ಒಳ್ಳೇದು?

ತುಂಗೆಯಾಚೆ:

ಎಲ್ರಿಗೂ ನಮಸ್ಕಾರ. ನಂದು ತೀರ್ಥಹಳ್ಳಿ ಹತ್ರ ಊರು, ಕೆಲ್ಸ ಶಿವಮೊಗ್ಗದಲ್ಲಿ. ಗ್ಯಾಜೆಟ್ ಅಂದ್ರೆ ಚಿಕ್ಕೋನಿದ್ದಾಗಿಂದ ಪ್ರಾಣ ನಂಗೆ. ಜನವರಿ ಬಂತು ಅಂದ್ರೆ ಮನೇಲಿ ಎಲ್ರಿಗೂ ಅಡಿಕೆ ಕೊಯ್ಲಿನ ಗಡಿಬಿಡಿ, ನಂಗೆ ಅದ್ರ ಜೊತೆಗೆ ಲಾಸ್ ವೇಗಾಸ್ಸಿನ ಸಿಇಎಸ್ ಅನ್ನೋ ದೊಡ್ಡ ಎಲೆಕ್ಟ್ರಾನಿಕ್ಸ್ ಶೋದ ಗಡಿಬಿಡಿ. ಅಲ್ಲಿ ಸಂಜೆ ಆರೂವರೆ ಅಂದ್ರೆ ಇಲ್ಲಿ ಮಾರನೇ ದಿನ ಬೆಳಿಗ್ಗೆ ಎಂಟು ಗಂಟೆ. 2025ರಲ್ಲಿ ಚಿಪ್ ಕಂಪನಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಆರ್‌ಟಿಎಕ್ಸ್ 50 ಸೀರೀಸ್ ಗ್ರಾಫಿಕ್ಸ್ ಕಾರ್ಡ್ ತೋರಿಸ್ಬೇಕಾದ್ರೆ ನಾನು ಅಂಗಳದಲ್ಲಿ ಬೇಯ್ಸಿದ ಅಡಿಕೆ ಹರಡ್ತಾ ಕಿವಿಗೆ ಇಯರ್‌ಬಡ್ ಸಿಗಿಸ್ಕೊಂಡು ಕೇಳ್ತಿದ್ದೆ, 5070 ಕಾರ್ಡಿಗೆ 549 ಡಾಲರ್ ಅಂದಿದ್ದೇ ತಡ ಕೆಲ್ಸ ಅಲ್ಲಿಗೇ ಬಿಟ್ಟು ಫ್ರೆಂಡಿಗೆ ಫೋನ್ ಹಚ್ಚಿದ್ದೆ.

ನಂಗೆ ಇದ್ರಲ್ಲಿ ಹುಚ್ಚು ಹಿಡಿಸೋದು ಎಂತ ಅಂದ್ರೆ, ಶೋದಲ್ಲಿ ಗಾಜಿನ ಪೆಟ್ಟಿಗೆ ಒಳಗೆ ಇಟ್ಟಿದ್ದು ಅಂಗಡಿಗೆ ಬರುತ್ತೋ ಇಲ್ವೋ ಅಂತ ಕಾಯೋದು. ಲೆನೊವೊದವ್ರು 2023ರಲ್ಲಿ ಬಾರ್ಸಿಲೋನಾದ ಮೊಬೈಲ್ ಶೋ ಎಂಡಬ್ಲ್ಯೂಸಿಯಲ್ಲಿ ಸ್ಕ್ರೀನ್ ಮೇಲಕ್ಕೆ ಬೆಳೆಯೋ ಲ್ಯಾಪ್‌ಟಾಪ್ ಬರೀ ಸ್ಯಾಂಪಲ್ ಅಂತ ತೋರಿಸಿದ್ರು, 2025ರ ಸಿಇಎಸ್‌ಗೆ ಅದು ಥಿಂಕ್‌ಬುಕ್ ಪ್ಲಸ್ ಅಂತ ರೇಟ್ ಸಮೇತ ಬಂತು, 14 ಇಂಚಿನ ಸ್ಕ್ರೀನು ಬಟನ್ ಒತ್ತಿದ್ರೆ 16.7 ಇಂಚಾಗುತ್ತೆ! ಅದೇ ಎಲ್‌ಜಿದು ನೋಡಿ, 2021ರ ಜನವರಿ ಸಿಇಎಸ್‌ನಲ್ಲಿ ಅಗಲ ಆಗೋ ಫೋನ್ ತೋರಿಸಿದ್ರು, ಏಪ್ರಿಲ್ಲಲ್ಲಿ ಫೋನ್ ಬಿಸಿನೆಸ್ಸೇ ನಿಲ್ಲಿಸ್ತೀವಿ ಅಂದ್ರು. ಆ ಫೋನ್ ಬರ್ಲೇ ಇಲ್ಲ, ಇವತ್ತಿಗೂ ಬೇಜಾರಿದೆ ನಂಗೆ.

1967ರ ಜೂನಲ್ಲಿ ನ್ಯೂಯಾರ್ಕಲ್ಲಿ ಶುರುವಾದಾಗ ಸಿಇಎಸ್‌ಗೆ ಬಂದಿದ್ದು 17,500 ಜನ ಅಂತೆ, ಈಗ ಲಕ್ಷದ ಮೇಲೆ. ಆದ್ರೆ ಅದು ಇಂಡಸ್ಟ್ರಿಯವ್ರಿಗೆ ಮಾತ್ರ, ನಮ್ಮಂಥ ಸುಮ್ನೆ ಆಸೆ ಇರೋರನ್ನ ಒಳಗೆ ಬಿಡಲ್ಲ. ಹಾಗಾಗಿ ಕೇಳ್ತಿರೋದು, ಸಾಮಾನ್ಯರು ಹೋಗಬಹುದಾದ್ದು ಯಾವ್ದು? ಬರ್ಲಿನ್ನಿನ ಐಎಫ್‌ಎ ಅನ್ನೋ ಎಲೆಕ್ಟ್ರಾನಿಕ್ಸ್ ಶೋಗೆ ದುಡ್ಡು ಕೂಡಿಡ್ಲಾ, ಇಲ್ಲ ಮೊದ್ಲು ಬೆಂಗ್ಳೂರಲ್ಲೇ ಆಗೋದನ್ನ ನೋಡ್ಲಾ? ಹೋದೋರು ಅಲ್ಲಿ ಹೋಗಿ ಎಂತ ನೋಡ್ಬೇಕು, ಎಂತ ಕೇಳ್ಬೇಕು ಅನ್ನೋದನ್ನೂ ಹೇಳಿ. ರಿವ್ಯೂ ಮಾಡೋರೆಲ್ಲ ಬೆಂಚ್‌ಮಾರ್ಕ್ ಹೇಳ್ತಾರೆ, ನಮ್ಮೂರ ಮಳೇಲಿ ಆ ಸಾಮಾನು ಬಾಳಿಕೆ ಬರುತ್ತಾ ಅಂತ ಯಾರೂ ಕೇಳಲ್ಲ ಮಾರಾಯ್ರೆ.

ಭದ್ರಾವತಿ_ಟು_ಬರ್ಲಿನ್:

ನಾನು ಭದ್ರಾವತಿಯವ್ನು, ಕೆಲ್ಸದ ಮೇಲೆ ಜರ್ಮನಿಗೆ ಬಂದು ಇಲ್ಲೇ ಇದೀನಿ. ಐಎಫ್‌ಎ ಬಗ್ಗೆ ಕೇಳಿದ್ದು ಖುಷಿ ಆಯ್ತು, ನಂಗದು ಸೆಪ್ಟೆಂಬರಿನ ಹಬ್ಬ. ಟಿಕೆಟ್ ತಗೊಂಡ್ರೆ ಯಾರು ಬೇಕಾದ್ರೂ ಹೋಗಬಹುದು, ಕಂಪನಿ ಕಾರ್ಡ್ ಬೇಡ, ಎಂತದೂ ಬೇಡ. ಮಕ್ಳು ಮರಿ ಕಟ್ಕೊಂಡು ಬರ್ತಾರೆ ಜನ, ಶನಿವಾರ ಅಂತೂ ಸಾಗರದ ಮಾರಿಜಾತ್ರೆ ನೋಡ್ದಂಗೆ ಇರುತ್ತೆ.

ಇದು ಸಿಇಎಸ್‌ಗಿಂತ ತುಂಬಾ ಹಳೇದು. 1924ರಲ್ಲಿ ರೇಡಿಯೋ ಪ್ರದರ್ಶನ ಅಂತ ಶುರುವಾಗಿದ್ದು, 1930ರಲ್ಲಿ ಉದ್ಘಾಟನೆ ಭಾಷಣ ಮಾಡಿದ್ದು ಸ್ವತಃ ಐನ್‌ಸ್ಟೈನ್. ಮೈದಾನದಲ್ಲಿ ಇವತ್ತೂ ನಿಂತಿರೋ ರೇಡಿಯೋ ಟವರ್ 1926ರಲ್ಲಿ ಆ ಪ್ರದರ್ಶನದ ಟೈಮಲ್ಲೇ ತೆರೆದಿದ್ದು, ಅದ್ರ ಬುಡದಲ್ಲಿ ನಿಂತು ಮೇಲೆ ನೋಡ್ದಾಗ ನಂಗೆ ಮೈ ಜುಂ ಅಂದಿತ್ತು. 1967ರಲ್ಲಿ ಆಗಿನ ವಿದೇಶಾಂಗ ಮಂತ್ರಿ ವಿಲ್ಲಿ ಬ್ರಾಂಟ್ ಅಲ್ಲೇ ಬಟನ್ ಒತ್ತಿ ಪಶ್ಚಿಮ ಜರ್ಮನಿಯ ಕಲರ್ ಟಿವಿ ಶುರು ಮಾಡಿದ್ದು. ಬಟನ್ ಒತ್ತೋಕೆ ಸ್ವಲ್ಪ ಮುಂಚೇನೇ ಕಲರ್ ಬಂದ್ಬಿಡ್ತು ಅನ್ನೋದು ಇಲ್ಲಿ ಎಲ್ರಿಗೂ ಗೊತ್ತಿರೋ ಕಥೆ.

ಈಗ ನಿಮ್ಮ ಮಳೆ ಪ್ರಶ್ನೆ. ಐಎಫ್‌ಎದಲ್ಲಿ ಫೋನ್ ಟಿವಿ ಅಷ್ಟೇ ಅಲ್ಲ, 2008ರಿಂದ ವಾಷಿಂಗ್ ಮಷಿನ್ನು, ಫ್ರಿಜ್ಜು ಎಲ್ಲಾ ಸೇರಿದೆ. ನಾನು ಹೋದ್ರೆ ಮೊದ್ಲು ಓಡೋದು ಹೀಟ್ ಪಂಪ್ ಡ್ರೈಯರ್ ಇಟ್ಟಿರೋ ಹಾಲಿಗೆ, ಯಾಕೆ ಅಂದ್ರೆ ಜುಲೈಲಿ ನಮ್ಮನೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಯೂನಿಫಾರ್ಮಿನ ಹೊಗೆ ವಾಸ್ನೆ ಇನ್ನೂ ಮೂಗಲ್ಲಿದೆ. ಹಳೇ ಡ್ರೈಯರ್ ಕಾಯಿಲ್ ಕಾಯಿಸಿ ಬಿಸಿ ಗಾಳಿ ಬಿಡುತ್ತೆ, ಕರೆಂಟ್ ತಿನ್ನುತ್ತೆ. ಇದು ಹಂಗಲ್ಲ, ಫ್ರಿಜ್ಜಲ್ಲಿರೋ ಥರ ಕಂಪ್ರೆಸರ್ ಇರುತ್ತೆ, ಒಂದು ಕಡೆ ಗಾಳಿ ಬಿಸಿ ಮಾಡಿ ಬಟ್ಟೆ ಒಳಗೆ ಕಳಿಸುತ್ತೆ, ಒದ್ದೆ ಗಾಳಿ ವಾಪಸ್ ಬಂದಾಗ ಇನ್ನೊಂದು ಕಡೆ ತಣ್ಣಗೆ ಮಾಡಿ ನೀರನ್ನ ಹಿಂಡಿ ಡಬ್ಬಿಗೆ ಬಿಡುತ್ತೆ, ಅದೇ ಗಾಳಿ ಮತ್ತೆ ಬಿಸಿ ಮಾಡಿ ಒಳಗೆ. ಅರ್ಧದಷ್ಟು ಕರೆಂಟಲ್ಲಿ ಕೆಲ್ಸ ಮುಗಿಯುತ್ತೆ, ಹೊರಗೆ ಪೈಪ್ ಹಾಕೋದೂ ಬೇಡ. ಸ್ಟಾಲಲ್ಲಿ ಓಡ್ತಿದ್ದ ಮಷಿನ್ ನಿಲ್ಸಿ ಡ್ರಮ್ಮಿನೊಳಗೆ ಕೈ ಹಾಕು ಅಂದ್ರು, ಟವೆಲ್ ಒಣಗಿತ್ತು, ಆದ್ರೆ ಕೈ ಸುಡೋಷ್ಟು ಬಿಸಿ ಇರ್ಲಿಲ್ಲ, ಎಳೆಬಿಸಿಲಲ್ಲಿ ಹಾಕಿದ ಬಟ್ಟೆ ಎಷ್ಟು ಬೆಚ್ಚಗಿರುತ್ತೋ ಅಷ್ಟೇ. ಯೂಟ್ಯೂಬಲ್ಲಿ ನೂರು ವಿಡಿಯೋ ನೋಡಿದ್ರೂ ಅದು ಗೊತ್ತಾಗಲ್ಲ ನೋಡಿ.

ಬರೋದಾದ್ರೆ ವಾರದ ದಿನ ಬನ್ನಿ, ಬೆಳಿಗ್ಗೆ ಬಾಗ್ಲು ತೆಗೆದಾಗ್ಲೇ ದೊಡ್ಡ ಕಂಪನಿ ಹಾಲ್ ಮುಗಿಸ್ಬಿಡಿ, ಮಧ್ಯಾಹ್ನದ ಮೇಲೆ ಐಎಫ್‌ಎ ನೆಕ್ಸ್ಟ್ ಅಂತ ಸ್ಟಾರ್ಟಪ್‌ಗಳ ಜಾಗ ಇದೆ, ಅಲ್ಲಿ ನಿಧಾನಕ್ಕೆ ಕೂತು ಮಾತಾಡಬಹುದು. ಶೆಂಗೆನ್ ವೀಸಾಗೆ ತಿಂಗಳುಗಟ್ಟಲೆ ಮುಂಚೆ ಅಪಾಯಿಂಟ್‌ಮೆಂಟ್ ನೋಡ್ಕೊಳ್ಳಿ, ಕಾಲಿಗೆ ಒಳ್ಳೇ ಶೂ ಹಾಕ್ಕೊಂಡು ಬನ್ನಿ.

ದುರ್ಗಿಗುಡಿ_ಸರ್ವಿಸ್:

ಬರ್ಲಿನ್ ಅಣ್ಣ ಹೇಳಿದ್ದು ಓದಿ ನಂಗೂ ಆಸೆ ಆಯ್ತು. ಆದ್ರೆ ತುಂಗೆಯಾಚೆ ಅವ್ರೇ, ನೀವು ಮೊದ್ಲು ಬೆಂಗ್ಳೂರಿನ ಬಿಐಇಸಿ ಅನ್ನೋ ಪ್ರದರ್ಶನ ಕೇಂದ್ರದಲ್ಲಿ ಆಗೋ ಶೋ ನೋಡಿ ಅಂತೀನಿ ನಾನು. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಂದು, ಬಿಡಿ ಸಾಮಾನಿಗೆ ಬೆಂಗ್ಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು ಎಸ್.ಪಿ. ರೋಡಿಗೆ ಹೋಗಿ ಬಂದು ಮಾಡ್ತಿರ್ತೀನಿ, ಎಲೆಕ್ಟ್ರಾನಿಕಾ ಇಂಡಿಯಾ ಅಂತ ಶೋ ಇದೆ ಅಂತ ಅಲ್ಲಿಯ ಒಬ್ರು ಅಂಗಡಿಯವ್ರೇ ಹೇಳಿದ್ದು. ಒಂದು ಸಲ ಬೆಂಗ್ಳೂರಲ್ಲಿ ಆದ್ರೆ ಇನ್ನೊಂದು ಸಲ ಗ್ರೇಟರ್ ನೋಯ್ಡಾದಲ್ಲಿ ಆಗುತ್ತೆ, 2025ರ ಸೆಪ್ಟೆಂಬರಲ್ಲಿ ಬಿಐಇಸಿಯಲ್ಲಿತ್ತು. ಅಲ್ಲಿ ಹೊಸ ಫೋನ್ ಇರಲ್ಲ, ಫೋನ್ ಒಳಗೆ ಇರೋದೆಲ್ಲಾ ಇರುತ್ತೆ. ಕನೆಕ್ಟರ್ರು, ಕೆಪಾಸಿಟರ್ರು, ಪಿಸಿಬಿ ಅಂದ್ರೆ ಸರ್ಕ್ಯೂಟ್ ಬೋರ್ಡ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾರ್ಟ್ ಟಪಟಪ ಅಂತ ಕೂರಿಸೋ ಮಷಿನ್ನು. ವ್ಯಾಪಾರದವ್ರ ಶೋ ಅದು, ಆನ್‌ಲೈನಲ್ಲಿ ಮುಂಚೆ ರಿಜಿಸ್ಟರ್ ಮಾಡ್ಕೋಬೇಕು, ನಾನು ಅಂಗಡಿ ಹೆಸ್ರಲ್ಲಿ ಮಾಡ್ಸಿದ್ದೆ.

ನಂಗೆ ಅಲ್ಲಿ ಹೋಗಿದ್ದು ಸಾರ್ಥಕ ಅನ್ನಿಸಿದ್ದು ಕನ್ಫಾರ್ಮಲ್ ಕೋಟಿಂಗ್, ಅಂದ್ರೆ ಬೋರ್ಡಿಗೆ ಶೀತ ತಾಗ್ದಂಗೆ ಬಳಿಯೋ ತೆಳು ಪದರದ ಸ್ಟಾಲಲ್ಲಿ. ಮಳೆಗಾಲದಲ್ಲಿ ನನ್ನ ಟೇಬಲಿಗೆ ಬರೋ ಫೋನುಗಳ ಗೋಳು ಒಂದೇ, ಚಾರ್ಜಿಂಗ್ ಪೋರ್ಟ್ ಪಿನ್ ಮೇಲೆ ಹಸ್ರು ಕಿಲುಬು. ನೀರಿಗೆ ಬಿದ್ದಿರಲ್ಲ, ಬರೀ ಗಾಳೀಲಿರೋ ಶೀತ (ತೇವ). ಒಳಗೊಂದು ಬಿಳಿ ಸ್ಟಿಕ್ಕರ್ ಇರುತ್ತೆ, ನೀರು ತಾಗಿದ್ರೆ ಕೆಂಪಾಗುತ್ತೆ. ಎಷ್ಟೋ ಫೋನಲ್ಲಿ ಆ ಸ್ಟಿಕ್ಕರ್ ಬೆಳ್ಳಗೇ ಇದೆ, ಪಿನ್ ಮಾತ್ರ ತಿಂದೋಗಿದೆ. ಐಪಿ67 ಅಂತ ಬರ್ದಿರ್ತಾರಲ್ಲ, ಅದ್ರ ಲೆಕ್ಕ ಎಂತ ಅಂದ್ರೆ ಧೂಳು ಒಳಗೆ ಹೋಗಲ್ಲ, ಒಂದು ಮೀಟರ್ ನೀರಲ್ಲಿ 30 ನಿಮಿಷ ಇಟ್ರೆ ತಡೆಯುತ್ತೆ. ಟೆಸ್ಟ್ ಮಾಡೋದು ಹೊಸ ಫೋನ್ ಇಟ್ಕೊಂಡು, ಲ್ಯಾಬಲ್ಲಿ. ತಿಂಗಳುಗಟ್ಟಲೆ ಗೋಡೆಯಿಂದ ನೀರು ಜಿನುಗೋ ಮನೇಲಿ ಒದ್ದೆ ಪೋರ್ಟಿಗೆ ಚಾರ್ಜರ್ ಚುಚ್ಚೋದು ಆ ಟೆಸ್ಟಲ್ಲಿ ಬರಲ್ಲ.

ಆ ಸ್ಟಾಲಿನ ಇಂಜಿನಿಯರ್ ಹತ್ರ ಇದನ್ನೇ ಹೇಳ್ದೆ, ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತೆ ಸಾರ್ ಅಂದೆ. ಅವ್ರು ಒಂದು ಬೋರ್ಡ್ ಕೈಗೆ ಕೊಟ್ರು, ನೋಡಕ್ಕೆ ಮಾಮೂಲಿ ಬೋರ್ಡೇ, ಎಂತ ವ್ಯತ್ಯಾಸನೂ ಇಲ್ಲ. ಆಮೇಲೆ ಯುವಿ ಟಾರ್ಚ್ ಹಾಕಿದ್ರು ನೋಡಿ, ಇಡೀ ಬೋರ್ಡ್ ನೀಲಿ ನೀಲಿ ಹೊಳೀತು, ಒಂದು ಮೂಲೇಲಿ ಐಸಿ (ಚಿಪ್) ಕಾಲಿನ ಹತ್ರ ಮಾತ್ರ ಕಪ್ಪು. ಕೋಟಿಂಗ್ ಅಲ್ಲಿ ತಪ್ಪೋಗಿದೆ, ಶೀತ ಮೊದ್ಲು ಹಿಡಿಯೋದು ಅದೇ ಕಾಲು ಅಂತ ತೋರಿಸ್ಕೊಟ್ರು. ಕೋಟಿಂಗ್ ಕಣ್ಣಿಗೆ ಕಾಣಲ್ಲ ಅಂತ ಚೆಕ್ ಮಾಡಕ್ಕೇ ಅದ್ರೊಳಗೆ ಯುವಿಗೆ ಹೊಳೆಯೋದನ್ನ ಬೆರ್ಸಿರ್ತಾರೆ. ಅವತ್ತಿಂದ ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡು, ಗೇಟಿನ ಕ್ಯಾಮೆರಾ ಬೋರ್ಡು ರಿಪೇರಿಗೆ ಬಂದ್ರೆ ಕನೆಕ್ಟರಿಗೆ ಟೇಪ್ ಸುತ್ತಿ ಕೋಟಿಂಗ್ ಹೊಡ್ದೇ ಕೊಡೋದು ನಾನು.

ಅಲ್ಲಿ ಹೋದ್ರೆ ಕೇಳ್ಬೇಕಾದ್ದು ಇದು: ಹ್ಯುಮಿಡಿಟಿ ಎಷ್ಟರ ತನಕ ತಡೆಯುತ್ತೆ, ವೋಲ್ಟೇಜ್ ಎಷ್ಟಕ್ಕೆ ಇಳಿದ್ರೂ ಓಡುತ್ತೆ, ಸಿಡಿಲಿಗೆ ಸರ್ಜ್ ಪ್ರೊಟೆಕ್ಷನ್ (ದಿಢೀರ್ ಏರೋ ವೋಲ್ಟೇಜ್ ತಡೆಯೋದು) ಒಳಗೇ ಇದ್ಯಾ. ಏಪ್ರಿಲ್ ಮೇನಲ್ಲಿ ಗುಡುಗು ಮಳೆ ಶುರುವಾದ್ರೆ ನನ್ನ ಅಂಗಡೀಲಿ ಸುಟ್ಟ ರೂಟರ್ ಸಾಲು ನಿಂತಿರುತ್ತೆ. ಸ್ಟಾಲಲ್ಲಿ ನಿಂತಿರೋ ಸೇಲ್ಸ್ ಹುಡುಗ್ರಿಗೆ ಇದು ಗೊತ್ತಿರಲ್ಲ, ಡಿಸೈನ್ ಮಾಡಿದವ್ರು ಇದಾರಾ ಅಂತ ಕೇಳಿ, ಹಿಂದೆ ಕೂತಿರ್ತಾರೆ, ಬಂದು ಖುಷಿಯಿಂದ ಹೇಳ್ತಾರೆ.

ಬೆಂಗ್ಳೂರು ಟೆಕ್ ಸಮ್ಮಿಟ್ಟೂ ಇದೆ, 1998ರಲ್ಲಿ ಐಟಿ ಡಾಟ್ ಕಾಂ ಅಂತ ಶುರುವಾಗಿದ್ದು ಅದೇ. ಆದ್ರೆ ಸಾಫ್ಟ್‌ವೇರು, ಬಯೋಟೆಕ್ಕು, ಭಾಷಣ ಜಾಸ್ತಿ, ಕೈಯಲ್ಲಿ ಹಿಡ್ದು ನೋಡೋದು ಕಮ್ಮಿ.

ಹೊಸನಗರದ_ತೋಟ:

ನೀವೆಲ್ಲ ಬೆಂಗ್ಳೂರು ಬರ್ಲಿನ್ ಅಂತಿದೀರಿ, ನಮ್ಮ ಕೃಷಿ ಮೇಳನ ಯಾಕೆ ಬಿಟ್ರಿ? ಗ್ಯಾಜೆಟ್ ಶೋ ಅಂದ್ರೆ ಅದೂ ಹೌದಲ್ಲ. ಶಿವಮೊಗ್ಗದ ಕೃಷಿ ವಿವಿ ಮೇಳ ಇರ್ಬೋದು, ಪುತ್ತೂರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಮತ್ತೆ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನವ್ರು ಮಾಡಿದ ಯಂತ್ರಮೇಳ ಇರ್ಬೋದು, ಕಾರ್ಬನ್ ಫೈಬರ್ ದೋಟಿ (ಅಡಿಕೆ ಕೊಯ್ಯೋ ಉದ್ದ ಕೋಲು) ಮೊದ್ಲ ಸಲ ಕೈಗೆ ಬಂದಾಗ ನಂಗಾದ ಖುಷಿ ಯಾವ ಐಫೋನಿಗೂ ಆಗಿಲ್ಲ. ಮರ ಹತ್ತೋ ಕೊನೆಗಾರ್ರು ಸಿಗ್ದೇ ಒದ್ದಾಡ್ತಿರೋರಿಗೆ ನೆಲದ ಮೇಲೆ ನಿಂತು 60 ಅಡಿ ಮೇಲಿನ ಅಡಿಕೆ ಕೊನೆ (ಗೊಂಚಲು) ಇಳಿಸ್ಬೋದು ಅಂದ್ರೆ ಸುಮ್ನೆ ಅಲ್ಲ.

ಮೇಳದಲ್ಲಿ ಪೂರ್ತಿ ಉದ್ದ ಮಾಡಿ ಹಿಡ್ದು ನೋಡಿ ಅಂತ ಎಲ್ರಿಗೂ ಹೇಳ್ತೀನಿ. ಮಡಚಿ ಇಟ್ಟಾಗ ಹೂವಿನ ಹಗುರ, ಪೂರ್ತಿ ಎಳೆದ್ ಮೇಲೆ ತುದಿ ಬಾಗುತ್ತೆ, ಗಾಳಿ ಬಂದ್ರೆ ತೂಗುತ್ತೆ, ಕತ್ತು ಮೇಲೆತ್ತಿ ಹಿಡ್ಕೊಂಡೇ ಇರ್ಬೇಕು, ಭುಜಕ್ಕೆ ಗೊತ್ತಾಗುತ್ತೆ. ಇನ್ನೊಂದು ಮುಖ್ಯ, ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತೆ! ಬಿದಿರಿನ ದೋಟಿ ಅಂದ್ಕೊಂಡು ತೋಟದ ಮೇಲೆ ಹೋಗಿರೋ ಲೈನಿನ ಹತ್ರ ಎತ್ತಿದ್ರೆ ಜೀವಕ್ಕೇ ಅಪಾಯ. ಅಲ್ಲಿ ನಿಂತಿದ್ದವ್ರು ಇದನ್ನ ಮುಚ್ಚಿಡ್ದೇ ಹೇಳಿದ್ರು, ಲೈನ್ ಇರೋ ಸಾಲಲ್ಲಿ ಎತ್ಲೇಬೇಡಿ ಅಂದ್ರು, ಅದಕ್ಕೇ ಅವ್ರ ಹತ್ರನೇ ತಗೊಂಡೆ.

ಡ್ರೋನ್ ಡೆಮೊನೂ ನೋಡ್ದೆ. ಗದ್ದೆಗೆ ಭರ್ಜರಿ. ಅಡಿಕೆಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದಾದ್ರೆ ಕೊನೆ ನೆನೀಬೇಕು, ಕೊನೆ ಇರೋದು ಸೋಗೆ (ಅಡಿಕೆ ಗರಿ) ಕೆಳಗೆ, ಡ್ರೋನ್ ಮೇಲಿಂದ ಹೊಡೆದ್ರೆ ಸೋಗೆ ನೆನೆಯುತ್ತೆ. ಪೈಲಟ್ ಹುಡುಗನ್ನ ಅದನ್ನೇ ಕೇಳ್ದೆ, ರೆಕ್ಕೆ ಗಾಳಿಗೆ ಸೋಗೆ ಬಿಚ್ಕೊಳುತ್ತೆ, ಒಳಗೂ ಇಳಿಯುತ್ತೆ ಅಂದ. ನಂಗಿನ್ನೂ ಪೂರ್ತಿ ನಂಬ್ಕೆ ಬಂದಿಲ್ಲ, ಒಂದು ಸಾಲಿಗೆ ಹೊಡ್ಸಿ ಮರದ ಕೆಳಗಿಂದ ಕೊನೆ ನೋಡ್ಬೇಕು. ತುಂಗೆಯಾಚೆ, ನೀನು ತೋಟದ ಮನೆ ಹುಡುಗ, ನಿಂಗೆ ಈ ಹುಚ್ಚಿದೆ ಅಂದ್ರೆ ಮೇಳಕ್ಕೆ ಬಾ ಮಾರಾಯ, ಅಲ್ಲಿ ಪ್ರಶ್ನೆ ಕೇಳೋರು ಬೇಕು.

ತುಂಗೆಯಾಚೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉದ್ದ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಯುವಿ ಟಾರ್ಚಿನ ವಿಷ್ಯ ಓದಿ ರಾತ್ರಿ ಪೂರ್ತಿ ಕನ್ಫಾರ್ಮಲ್ ಕೋಟಿಂಗ್ ಬಗ್ಗೆನೇ ಓದ್ತಾ ಕೂತಿದ್ದೆ. ತೀರ್ಮಾನ ಆಯ್ತು, ಮೊದ್ಲು ಕೃಷಿ ಮೇಳ, ಆಮೇಲೆ ಬೆಂಗ್ಳೂರಲ್ಲಿ ಎಲೆಕ್ಟ್ರಾನಿಕಾ ಯಾವಾಗ ಬರುತ್ತೋ ಆಗ ಅಲ್ಲಿಗೆ, ಬರ್ಲಿನ್ನಿಗೆ ಇವತ್ತಿಂದ್ಲೇ ಬೇರೆ ಅಕೌಂಟಲ್ಲಿ ದುಡ್ಡು ಹಾಕಕ್ಕೆ ಶುರು. ದುರ್ಗಿಗುಡಿ ಅಣ್ಣ, ನನ್ನ ಹತ್ರ ಅಂಗಡಿ ಹೆಸ್ರಿಲ್ಲ, ರಿಜಿಸ್ಟ್ರೇಷನ್ನಿಗೆ ಎಂತ ಹಾಕ್ಲಿ? ಬಿಐಇಸಿಗೆ ಮೆಜೆಸ್ಟಿಕ್ಕಿಗೆ ಹೋಗಿ ವಾಪಸ್ ಬರ್ಬೇಕಾ?

ದುರ್ಗಿಗುಡಿ_ಸರ್ವಿಸ್:

ನೀವು ಕೆಲ್ಸ ಮಾಡೋ ಕಂಪನಿ ಹೆಸ್ರು, ಹುದ್ದೆ ಹಾಕಿ. ಮೆಜೆಸ್ಟಿಕ್ ತನಕ ಹೋಗೋದು ಬೇಡ, ಬಿಐಇಸಿ ಇರೋದೇ ತುಮಕೂರು ರೋಡಲ್ಲಿ, ನಮ್ಮ ಶಿವಮೊಗ್ಗ ಬಸ್ಸು ಅದೇ ದಾರೀಲಿ ಹೋಗುತ್ತೆ, ನೆಲಮಂಗಲ ದಾಟಿದ್ ಮೇಲೆ ಮಾದಾವರದಲ್ಲಿ ಇಳಿಸಿ ಅಂತ ಕಂಡಕ್ಟರಿಗೆ ಮುಂಚೇನೇ ಹೇಳಿಡಿ. 2024ರ ನವೆಂಬರಿಂದ ಮೆಟ್ರೋನೂ ಅಲ್ಲಿ ತನಕ ಬಂದಿದೆ, ಸಂಜೆ ಎಸ್.ಪಿ. ರೋಡಿಗೆ ಹೋಗೋದಿದ್ರೆ ಅಲ್ಲಿಂದ್ಲೇ ಹತ್ತಬಹುದು. ಹೊರಡೋ ಮುಂಚೆ ಅಂಗಡಿಗೆ ಬನ್ನಿ, ಶೀತಕ್ಕೆ ಹೋಗಿರೋ ಬೋರ್ಡ್ ಒಂದೆರಡು ಕೊಟ್ಟು ಕಳಿಸ್ತೀನಿ, ಸ್ಟಾಲಿನವ್ರಿಗೆ ತೋರಿಸಿ ಕೇಳಿ.